ಅಂಬಿಗೇರ ಮನೆಗೊಂದು ದೋಣಿ

ನಮ್ಮ ಅಡ್ಡಹೆಸರು ಅಂಬಿಗೇರ. ಅಂಬಿಗ ಅಂದ್ರೆ ದೋಣಿ ನಡೆಸುವವನು ಅಂತ ನಿಮಗೆಲ್ಲ ಗೊತ್ತಿದ್ದದ್ದೇ. ಆದ್ರೆ ನಮ್ಮಪ್ಪನ ಹತ್ರ ದೋಣಿ ಇರಲಿಲ್ಲ, ಅವರಪ್ಪನ ಹತ್ರವೂ ಇರಲಿಲ್ಲ. ಕುಡಿಯೋ ನೀರಿಗೇ ಟ್ಯಾಂಕರ್ ಬರೋ ದಾರಿ ಕಾಯ್ತಾ ಕೊಡ ಪಾಳಿಗಿಟ್ಟ ಊರುಗಳು ನಮ್ಮವು, ಅಲ್ಲಿ ದೋಣಿ ಇಟ್ಕೊಂಡು ಮಾಡೋದಾದ್ರೂ ಏನು ಹೇಳಿ..... ಸಾಲಿಯಲ್ಲಿ ಹಾಜರಿ ಕರೆಯುವಾಗ ಮಾಸ್ತರು ನನ್ನ ಹೆಸರಿಗೆ ಬಂದು ನಿಂತು "ಎಲ್ಲೈತೋ ನಿನ್ನ ದೋಣಿ?" ಅಂತ ಕೇಳೋರು. ಇಡೀ ಕ್ಲಾಸು ನಗ್ತಿತ್ತು. ನಾನೂ ನಗ್ತಿದ್ದೆ, ಇನ್ನೇನು ಮಾಡೋದು.

ನಮ್ಮ ಕಡೆ ಇದ್ದದ್ದು ದೋಣಿ ಅಲ್ಲ, ಡೋಣಿ. ನದಿ. ವಿಜಯಪುರದಿಂದ ಬಬಲೇಶ್ವರಕ್ಕೆ ಹೋಗುವಾಗ ಸಾರವಾಡದ ಹತ್ರ ದಾಟ್ತೀವಲ್ಲ, ಅದು. 'ಡೋಣಿ ಬೆಳೆದರೆ ಓಣಿಯೆಲ್ಲ ಕಾಳು' ಅನ್ನೋ ಗಾದೆ ನೀವು ಕೇಳಿರಬಹುದು. ಆ ದಂಡೆಯ ಕರಿ ಎರೆ ಭೂಮಿಯಲ್ಲಿ ಬಿಳಿಜೋಳ ಹಾಗೆ ಬರುತ್ತೆ. ನೀರು ಮಾತ್ರ ಬಾಯಿಗೆ ಹಾಕಿದ್ರೆ ಸವಳು. ಬೇಸಿಗೆಯಲ್ಲಿ ಹಳ್ಳದ ಹಾಗೆ ಬಿದ್ದಿರುತ್ತೆ, ಮಳೆ ಜೋರಾದ್ರೆ ಎದ್ದು ಹೊಲದೊಳಗೆ ಬರುತ್ತೆ. ಎರಡೂ ಕಾಲದಲ್ಲಿ ದೋಣಿಗೆ ಕೆಲಸ ಇಲ್ಲ.

ಇಂಥ ಮನೆತನದಲ್ಲಿ ಹೋದ ವರ್ಷ ನನ್ನ ಅಕ್ಕನ ಮಗ, "ಮಾಮಾ, ನಾನೊಂದು ದೋಣಿ ತಗೋತೀನಿ" ಅಂದ.

ಅಕ್ಕನನ್ನು ಕೊಟ್ಟಿದ್ದು ಮಮದಾಪುರಕ್ಕೆ. ಈಗ ಅದು ಬಬಲೇಶ್ವರ ತಾಲ್ಲೂಕು (ತಿಕೋಟಾ, ಬಬಲೇಶ್ವರ ಎರಡೂ 2018ರಲ್ಲಿ ತಾಲ್ಲೂಕಾದವು, ಅದಕ್ಕೂ ಮೊದಲು ಎಲ್ಲಾ ಬಿಜಾಪುರವೇ). ಮಮದಾಪುರದಲ್ಲಿ ಆದಿಲಶಾಹಿ ಕಾಲದ ದೊಡ್ಡಕೆರೆ, ಸಣ್ಣಕೆರೆ ಇವೆ. ಕಟ್ಟಿಸಿದ್ದು ಮೊಹಮ್ಮದ್ ಆದಿಲಶಾಹ, ಅಂದ್ರೆ ಗೋಳಗುಮ್ಮಟದಲ್ಲಿ ಮಲಗಿರುವ ಅದೇ ದೊರೆ. 1627ರಿಂದ 1656ರವರೆಗೆ ಆಳಿದ. ನಗರದ ಬೇಗಂ ತಲಾಬ್ ಕೂಡ ಅವನದೇ, 1651ರದ್ದು. ಜನ ಗುಮ್ಮಟ ನೋಡೋಕೆ ದೂರದೂರಿಂದ ಬರ್ತಾರೆ, ಒಳ್ಳೆಯದೇ. ಆದರೆ ನನ್ನನ್ನು ಕೇಳಿದ್ರೆ ಆ ದೊರೆ ಮಾಡಿದ ದೊಡ್ಡ ಕೆಲಸ ಕೆರೆಗಳು. ಗುಮ್ಮಟದಲ್ಲಿ ಕೂಗಿದ್ರೆ ನಮ್ಮ ದನಿಯೇ ನಮಗೆ ವಾಪಸ್ ಬರುತ್ತೆ ಅಷ್ಟೇ :-)

ಬರಗಾಲದ ವರ್ಷಗಳಲ್ಲಿ ಅಕ್ಕನ ಊರಿಗೆ ಹೋದರೆ ಕೆರೆಯಂಗಳದಲ್ಲಿ ದನ ಮೇಯ್ತಿದ್ದವು. ಕೃಷ್ಣೆ ನಮ್ಮ ಜಿಲ್ಲೆಯ ಅಂಚಲ್ಲೇ ಹರೀತಾಳೆ, ಆದರೆ ಕೆಳಗೆ ಹರೀತಾಳೆ. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್, ವಿಜಯಪುರ ನಗರ ಇರೋದು 590 ಮೀಟರ್ ಆಸುಪಾಸು. ತಾನಾಗಿ ನೀರು ಮೇಲೆ ಹತ್ತೋದಿಲ್ಲವಲ್ಲ. ಮುಳವಾಡ, ತುಬಚಿ-ಬಬಲೇಶ್ವರ ಇಂಥ ಏತ ನೀರಾವರಿ ಯೋಜನೆಗಳಲ್ಲಿ ಪಂಪು ಹಚ್ಚಿ ನೀರು ಎತ್ತಿ ಕೆರೆ ತುಂಬಿಸೋ ಕೆಲಸ 2010ರ ದಶಕದಲ್ಲಿ ಜೋರಾಯ್ತು. ಕೆರೆಗೆ ನೀರು ಬಂತು, ಹಿಂದೆಯೇ ಮೀನುಮರಿ ಬಂತು. ಕಾಟ್ಲಾ, ರೋಹು, ಮೃಗಾಲ್, ಗೆಂಡೆ, ಜೊತೆಗೆ ಕರೆಯದೇ ಬರೋ ಜಿಲೇಬಿ. ನಮ್ಮ ಅಳಿಯ ಬೆಂಗಳೂರಿಗೆ ಹೋಗಿ ಎರಡು ವರ್ಷ ಸೆಂಟ್ರಿಂಗ್ ಕೆಲಸ ಮಾಡಿ ಬಂದವನು, ಮೀನು ಹಿಡಿಯೋಕೆ ನಿಂತ. ಈಜು ಬರುತ್ತೆ, ಬಲೆ ಬೀಸೋದು ಕಲಿತ, ಸಂಘದ ಸದಸ್ಯನೂ ಆದ.

ಆದರೆ ಹರಿಗೋಲು ಬೇರೆಯವರದ್ದು. ಲೆಕ್ಕ ಹೇಗಪ್ಪಾ ಅಂದ್ರೆ, ಮಾರಿದ ರೊಕ್ಕದಲ್ಲಿ ನಾಲ್ಕು ಪಾಲು. ದೋಣಿಗೊಂದು, ಬಲೆಗೊಂದು, ಒಳಗೆ ಕೂತ ಇಬ್ಬರಿಗೆ ಒಂದೊಂದು. ದೋಣಿ ಬಲೆ ಎರಡೂ ಒಬ್ಬರದ್ದೇ, ಹಾಗಾಗಿ ಅರ್ಧ ದಂಡೆಯಲ್ಲಿ ಕೂತವರಿಗೆ ಹೋಗುತ್ತೆ. ನಸುಕಿನ ನಾಲ್ಕಕ್ಕೆ ಎದ್ದು ಚಳಿಯಲ್ಲಿ ಬಲೆ ಎಳೆದವನಿಗೆ ಕಾಲು ಪಾಲು. ಇದರಲ್ಲಿ ಮೋಸ ಏನಿಲ್ಲ, ದೋಣಿ ಇರೋ ಕಡೆಯೆಲ್ಲ ಹೀಗೇ ಏನಾದ್ರೂ ಒಂದು ಲೆಕ್ಕ ಇರುತ್ತೆ. ಆದರೂ ಎಷ್ಟು ದಿನ?

ರೊಕ್ಕ ಎಲ್ಲಿಂದ ಅಂತ ನಾನು ಕೇಳೋಕಿಂತ ಮೊದಲೇ ಅಕ್ಕ ತನ್ನ ಬೋರಮಾಳ ಬ್ಯಾಂಕಿನಲ್ಲಿಟ್ಟು 25 ಸಾವಿರ ತಂದಿದ್ದಳು. ಅವಳ ಮದುವೆಯಲ್ಲಿ ಅಪ್ಪ ಹಾಕಿದ್ದು. ನನ್ನ ಕೈಗೆ ಕೊಟ್ಟು, "ತಮ್ಮಾ, ನೀ ಓದಿದಾಂವ ಅದಿ. ನೋಡಿ ಕೊಡಸು. ತೂತ ಇರೂದು ಮಾತ್ರ ಕೊಡಸಬ್ಯಾಡ" ಅಂದಳು. ನಾನು ಓದಿದ್ದಕ್ಕೂ ದೋಣಿಯ ತೂತಿಗೂ ಏನು ಸಂಬಂಧ! ಆದರೆ ಅಕ್ಕನ ಮಾತು, ಮೀರೋ ಹಾಗಿಲ್ಲ.

ಹೊಸ ಫೈಬರ್ ಹರಿಗೋಲಿಗೆ ವಿಚಾರಿಸಿದ್ವಿ. ಹದಿನೆಂಟು ಸಾವಿರ, ಸಾಗಾಣಿಕೆ ಬೇರೆ. ಬಲೆಗೆ ಕಡಿಮೆ ಅಂದ್ರೂ ಎಂಟು ಸಾವಿರ ಬೇಕು. ಲೆಕ್ಕ ಕೂಡಲಿಲ್ಲ. ಮೀನುಗಾರಿಕೆ ಇಲಾಖೆಯಿಂದ ಸಹಾಯಧನದ ಹರಿಗೋಲು ಸಿಗುತ್ತೆ, ಅದಕ್ಕೂ ಅರ್ಜಿ ಹಾಕಿದಾನೆ, ಬಂದಾಗ ಬರಲಿ. ಸದ್ಯಕ್ಕೆ ಹಳೇದು ಹುಡುಕೋಣ ಅಂತಾಯ್ತು.

ಮೊದಲು ಸಿಕ್ಕಿದ್ದು ಅಲ್ಯೂಮಿನಿಯಂ ದೋಣಿ. ನಂಬ್ತೀರಾ? ಅದೂ ತಿಕೋಟಾ ಹತ್ರ, ಒಂದು ದ್ರಾಕ್ಷಿ ತೋಟದಲ್ಲಿ. ಈ ಭಾಗದಲ್ಲಿ ದ್ರಾಕ್ಷಿಗೆ ನೀರು ಕೂಡಿಡೋಕೆ ಪ್ಲಾಸ್ಟಿಕ್ ಹಾಳೆ ಹಾಸಿದ ದೊಡ್ಡ ದೊಡ್ಡ ಕೃಷಿಹೊಂಡ ಮಾಡ್ತಾರೆ. ತೋಟದ ಯಜಮಾನರು ಸೊಲ್ಲಾಪುರದ ಕಡೆ ಗುಜರಿಯಲ್ಲಿ ಸಿಕ್ಕಿತು ಅಂತ ಹೊಂಡಕ್ಕೆ ಬಿಡಲು ತಂದಿದ್ದರಂತೆ. ಹನ್ನೆರಡು ಅಡಿ ಉದ್ದ, ತಗಡಿಗೆ ತಗಡು ಸೇರಿಸಿ ರಿವೆಟ್ ಹೊಡೆದದ್ದು. ಅಳಿಯನ ಕಣ್ಣು ಅರಳಿತು. "ಮಾಮಾ, ಇದಕ್ಕ ಡಾಂಬರ ಬ್ಯಾಡ, ಏನೂ ಬ್ಯಾಡ, ಸಾಯೂತನ ಬರತೈತಿ" ಅಂದ.

ನಾನು ಫೋಟೋ ತೆಗೆದು ಅಮೆರಿಕದ ಮಿನ್ನೆಸೋಟಾದಲ್ಲಿರೋ ನನ್ನ ಸ್ನೇಹಿತನಿಗೆ ಕಳಿಸಿದೆ. ಧಾರವಾಡದಲ್ಲಿ ನನ್ನ ರೂಮ್‌ಮೇಟ್ ಆಗಿದ್ದವನು. ಆ ರಾಜ್ಯಕ್ಕೆ 'ಹತ್ತು ಸಾವಿರ ಕೆರೆಗಳ ನಾಡು' ಅಂತಲೇ ಹೆಸರು. ಎರಡನೇ ಮಹಾಯುದ್ಧ ಮುಗಿದ ಮೇಲೆ ವಿಮಾನ ಕಟ್ಟುತ್ತಿದ್ದ ಗ್ರಮ್ಮನ್ ಕಂಪನಿ ಅದೇ ಅಲ್ಯೂಮಿನಿಯಂ ತಗಡಿನಲ್ಲಿ ಸಣ್ಣ ದೋಣಿ ಮಾಡೋಕೆ ಶುರು ಮಾಡಿತು. ಮಿನ್ನೆಸೋಟಾದಲ್ಲೂ ಅಲ್ಯೂಮಾಕ್ರಾಫ್ಟ್, ಲುಂಡ್ ಅನ್ನೋ ಕಂಪನಿಗಳು ಹುಟ್ಟಿದ್ದು 1940ರ ದಶಕದಲ್ಲೇ. ಅಲ್ಲಿ ಮೊದಲ ದೋಣಿ ಅಂದ್ರೆ ಬಹಳ ಜನಕ್ಕೆ ಯಾರೋ ಹತ್ತಿಪ್ಪತ್ತು ವರ್ಷ ಬಳಸಿ ಬಿಟ್ಟ ಅಲ್ಯೂಮಿನಿಯಂ ದೋಣಿಯೇ. ನಮ್ಮ ಕಡೆ ಮೊದಲ ಬೈಕು ಹಳೇ ಸ್ಪ್ಲೆಂಡರ್ ಇರೋ ಹಾಗೆ. ಇವನೂ ಅಂಥದ್ದೇ ಒಂದನ್ನು ತಗೊಂಡು ವೀಕೆಂಡಿಗೆ ಗಾಳ ಹಾಕ್ತಾ ಕೂಡ್ತಾನೆ. ಹಿಡಿದ ಮೀನು ತಿನ್ನೋಲ್ಲ, ವಾಪಸ್ ಬಿಡ್ತಾನಂತೆ! ಇದನ್ನು ಅಕ್ಕನಿಗೆ ಹೇಳಿದಾಗ ಅವಳು ನನ್ನ ಮುಖ ನೋಡಿದ ರೀತಿ.....

ಅವನು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದ. "ಒಳಗ ನೀಲಿ ಕಲೆ ಯಾಕ ಅವ?"

ನಾನು ಆ ನೀಲಿಯನ್ನು ನೋಡಿದ್ದೆ, ಬಣ್ಣ ಅಂದುಕೊಂಡಿದ್ದೆ. ತೋಟದ ಆಳನ್ನು ಕೇಳಿದರೆ ಆತ ಸಹಜವಾಗಿ ಹೇಳಿದ, "ಇದರಾಗ ಮೈಲುತುತ್ತ, ಸುಣ್ಣ ಕಲಸತಿದ್ವಿರಿ." ದ್ರಾಕ್ಷಿಗೆ ಹೊಡೆಯೋ ಬೋರ್ಡೋ ದ್ರಾವಣ. ಹೊಂಡದಲ್ಲಿ ದೋಣಿ ಬಹಳ ದಿನ ಓಡಲಿಲ್ಲ, ಔಷಧ ಕಲಸೋ ಬಾನಿಯಾಗಿತ್ತು. ಮೈಲುತುತ್ತ ಅಂದ್ರೆ ತಾಮ್ರ. ತಾಮ್ರ ಮತ್ತು ಅಲ್ಯೂಮಿನಿಯಂ ನೀರಿನಲ್ಲಿ ಒಟ್ಟಿಗೆ ಇದ್ರೆ ಅಲ್ಯೂಮಿನಿಯಂ ಸೋಲುತ್ತೆ, ಸೂಜಿಮೊನೆಯಷ್ಟು ಗುಳಿ ಬಿದ್ದು ಆಳಕ್ಕೆ ಇಳಿಯುತ್ತೆ. ದೋಣಿಯೊಳಗೆ ತಾಮ್ರದ ನಾಣ್ಯ ಬಿದ್ದಿದ್ರೂ ಎತ್ತಿ ಬಿಸಾಕ್ತಾರಂತೆ ಅಲ್ಲಿ. ತಳದಲ್ಲಿ ಉಗುರು ಆಡಿಸಿ ನೋಡಿದೆ, ಸಿಡುಬಿನ ಮುಖದ ಹಾಗಿತ್ತು. ರಿವೆಟ್ ಸಡಿಲಾದ್ರೆ ಮತ್ತೆ ಬಡಿಯಬಹುದು, ತಗಡು ನೆಗ್ಗಿದ್ರೆ ಚಿಂತೆಯಿಲ್ಲ. ಆದರೆ ಇದಕ್ಕೆ ಮದ್ದಿಲ್ಲ. ಮಾಲೀಕರಿಗೂ ಬೇಜಾರಿರಲಿಲ್ಲ. "ಮಾರದಿದ್ರ ಕಿಲೋ ಲೆಕ್ಕದಾಗ ಗುಜರಿಗಿ ಹಾಕತೀನ್ರಿ" ಅಂದ್ರು. ಅಲ್ಯೂಮಿನಿಯಮ್ಮಿನ ಸುಖವೇ ಅದು, ದೋಣಿಯಾಗಿ ಸತ್ತರೂ ಪಾತ್ರೆಯಾಗಿ ಹುಟ್ಟುತ್ತೆ. ಬರುವಾಗ ಎರಡು ಕಿಲೋ ಒಣದ್ರಾಕ್ಷಿ ಕಟ್ಟಿ ಕೊಟ್ರು, ರೊಕ್ಕ ತಗೊಳ್ಳಲಿಲ್ಲ. ತಿಕೋಟಾ ಮಂದಿ ಹಾಗೇ.

ಎರಡನೆಯದು ಫೈಬರ್ ಹರಿಗೋಲು. ಊರು ಬೇಡ. ನೋಡೋಕೆ ಚೆನ್ನಾಗಿತ್ತು, ಬೆಲೆಯೂ ಕಡಿಮೆ. ಹೊರಗೆ ಹೊಸದಾಗಿ ನೀಲಿ ಬಣ್ಣ ಬಳಿದಿದ್ರು. ಬಿಸಿಲಿಗೆ ಓರೆ ಹಿಡಿದಾಗ ಬಣ್ಣದ ಕೆಳಗೆ ಅಕ್ಷರಗಳ ಉಬ್ಬು ಕಾಣಿಸ್ತು, ಸರ್ಕಾರಿ ಯೋಜನೆಯ ಹೆಸರು. ಸಹಾಯಧನದಲ್ಲಿ ಬಂದದ್ದನ್ನು ಹೀಗೆ ಮಾರೋ ಹಾಗಿಲ್ಲ. ನಾಳೆ ಯಾರಾದ್ರೂ ಕೇಳಿದ್ರೆ ಅಳಿಯನ ಕೊರಳಿಗೆ ಬರುತ್ತೆ, ಅವನ ಸ್ವಂತ ಅರ್ಜಿಯೂ ಹಾಳಾಗುತ್ತೆ. ನಮಸ್ಕಾರ ಹೇಳಿ ಬಂದ್ವಿ.

ಮೂರನೆಯದಕ್ಕೆ ಗಲಗಲಿ ಕಡೆ ಕೃಷ್ಣಾ ದಂಡೆಗೆ ಹೋದ್ವಿ. ಅಲ್ಲೊಬ್ಬ ಅಜ್ಜ, ನಮ್ಮವರೇ. ಮಕ್ಕಳಿಬ್ಬರು ಗೋವಾದಲ್ಲಿ ಕೆಲಸಕ್ಕಿದ್ದಾರೆ. ಅಜ್ಜನಿಗೆ ಕಣ್ಣಿನಲ್ಲಿ ಪೊರೆ. ಬೇವಿನ ಗಿಡದ ಕೆಳಗೆ ಹರಿಗೋಲನ್ನು ಬೋರಲಾಗಿ ಮಲಗಿಸಿ ಮೇಲೆ ಗೋಣಿಚೀಲ ಹೊದಿಸಿದ್ದ. ಅದನ್ನು ನೋಡಿದ ಕೂಡಲೇ ನನಗೆ ಅರ್ಧ ಸಮಾಧಾನ ಆಯ್ತು. ಫೈಬರ್‌ಗೆ ದೊಡ್ಡ ವೈರಿ ಬಿಸಿಲು, ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದರೆ ಕೈಗೆ ಬಿಳಿ ಪುಡಿ ಹತ್ತುತ್ತೆ, ಆಮೇಲೆ ಎಳೆ ಬಿಡುತ್ತೆ. ಇದರಲ್ಲಿ ಪುಡಿ ಬರಲಿಲ್ಲ.

ಹರಿಗೋಲು ಗೊತ್ತಿಲ್ಲದ ಕರಾವಳಿಯ ಗೆಳೆಯರಿಗೆ ಒಂದು ಮಾತು. ಇದು ದುಂಡಗಿನ ಬುಟ್ಟಿ. ಮುಂದಿಲ್ಲ, ಹಿಂದಿಲ್ಲ. ಹಿಂದೆ ಬಿದಿರು ಹೆಣೆದು ತೊಗಲು ಹೊದಿಸ್ತಿದ್ರು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ 1520ರ ಸುಮಾರಿಗೇ ತುಂಗಭದ್ರೆಯಲ್ಲಿ ಇಂಥದ್ದನ್ನು ಕಂಡು ಬರೆದಿಟ್ಟಿದಾನೆ. ಆಮೇಲೆ ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂತು, ಈಗ ಫೈಬರ್. ಒಬ್ಬನೇ ಬೋರಲು ಹಾಕಿ ತಲೆ ಮೇಲೆ ಹೊತ್ಕೊಂಡು ಹೋಗಬಲ್ಲ ಬಿದಿರಿನದಕ್ಕೆ, ಫೈಬರ್‌ನದಕ್ಕೆ ಇಬ್ಬರು ಬೇಕು. ಚೋಟುದ್ದ ನೀರಿದ್ರೂ ತೇಲುತ್ತೆ, ಯಾವ ಕಡೆಯಿಂದ ಬೇಕಾದ್ರೂ ಬಲೆ ಎಳೀಬಹುದು. ಹುಟ್ಟು ಒಂದೇ, ಅದನ್ನು ಮುಂದೆ ಹಾಕಿ ನಮ್ಮ ಕಡೆಗೆ ಎಳ್ಕೊಬೇಕು. ಬಾರದವರು ಕೂತರೆ ನಿಂತಲ್ಲೇ ಗಿರಗಿಟ್ಲೆ.

ಅಜ್ಜ ಹೇಳಿದ್ದು ಒಂಬತ್ತು ಸಾವಿರ. ಅಳಿಯ ಎಂಟಾಣೆ ನಾಣ್ಯ ತಗೊಂಡು ತಳದ ತುಂಬಾ ಬಡಿಯುತ್ತಾ ಹೋದ. ಗಟ್ಟಿ ಇದ್ದಲ್ಲಿ ಟಣ್ ಟಣ್. ಪದರ ಬಿಟ್ಟಲ್ಲಿ ಡಬ್ ಅನ್ನುತ್ತೆ. ಎರಡು ಕಡೆ ಡಬ್ ಅಂದಿತು, ಕಲ್ಲಿನ ಮೇಲೆ ಎಳೆದೆಳೆದು ಸವೆದ ಜಾಗ. ಇನ್ನು ತೂತು? ಇಲ್ಲಿ ಮಿನ್ನೆಸೋಟಾದ ಗೆಳೆಯ ಹೇಳಿದ ಉಪಾಯ ಉಪಯೋಗಕ್ಕೆ ಬಂತು. ಅಲ್ಲಿ ಹಳೇ ಅಲ್ಯೂಮಿನಿಯಂ ದೋಣಿ ನೋಡುವಾಗ ಅದನ್ನು ನೀರಿಗೆ ಬಿಡೋ ಬದಲು ಅದರೊಳಗೇ ನೀರು ಬಿಡ್ತಾರಂತೆ! ಎಲ್ಲಿ ಹೊರಗೆ ಹನಿ ಕಾಣ್ತೋ ಅಲ್ಲೇ ತೂತು. ತುಂಬಾ ಸುರಿದರೆ ಭಾರಕ್ಕೆ ದೋಣಿಯೇ ಸೀಳಬಹುದು, ಒಂದೆರಡು ಇಂಚು ಸಾಕು.

ನಾಲ್ಕು ಹಳೇ ಟೈರಿನ ಮೇಲೆ ಹರಿಗೋಲು ಇಟ್ಟು, ಹೊರಮೈಗೆ ಒಲೆಯ ಬೂದಿ ತಿಕ್ಕಿ, ಎಂಟು ಕೊಡ ನೀರು ಸುರಿದ್ವಿ. ಅಜ್ಜ ಇದನ್ನೆಲ್ಲ ನೋಡ್ತಾ, "ಅಲ್ಲಪಾ, ಅರವತ್ತ ವರ್ಷ ನೀರಿನ ಮ್ಯಾಲೆ ದೋಣಿ ನೋಡೀನಿ, ದೋಣ್ಯಾಗ ನೀರ ಹಾಕಿ ನೋಡವರನ್ನ ಇವತ್ತ ನೋಡಿದೆ" ಅಂದ. ಚಹಾ ಕುಡಿಯೋಷ್ಟರಲ್ಲಿ ಬೂದಿಯ ಮೇಲೆ ಮೂರು ಕಡೆ ಕಪ್ಪು ಚುಕ್ಕೆ ಮೂಡಿದವು. ಎರಡು ನಾವು ಊಹಿಸಿದ್ದೇ. ಮೂರನೆಯದು ಅಂಚಿನ ಹತ್ರ, ಹಗ್ಗ ಕಟ್ಟೋ ಜಾಗದಲ್ಲಿ ಕೂದಲೆಳೆಯ ಬಿರುಕು. ಅಜ್ಜ ಬಗ್ಗಿ ಬೆರಳಿಂದ ಮುಟ್ಟಿ ನೋಡಿದ. ಕಣ್ಣಿಗೆ ಕಾಣೋದಿಲ್ಲವಲ್ಲ, ಒದ್ದೆಯನ್ನು ಬೆರಳಿಂದಲೇ ನೋಡಿದ. "ಖರೇ ಐತಿ. ಏಳೂವರಿ ಕೊಡ್ರಿ" ಅಂದ. ನಾವು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಆಮೇಲೆ ಅಳಿಯನೂ ಚೌಕಾಶಿ ಮಾಡಲಿಲ್ಲ, ನಾನೂ ಮಾಡು ಅನ್ನಲಿಲ್ಲ.

ರೊಕ್ಕ ಎಣಿಸಿ ಕೊಟ್ಟ ಮೇಲೆ ಅಜ್ಜ ಹುಟ್ಟನ್ನು ಕೊಡಲಿಲ್ಲ. "ಇದು ಹರಿಗೋಲಿನ ಜೋಡಿ ಬರೂದಲ್ಲ, ನಂದು" ಅಂದ. ಅಳಿಯ ಹೂಂ ಅಂದ.

ಏಳಡಿ ಅಗಲದ ಬುಟ್ಟಿಯನ್ನು ಟಾಟಾ ಏಸ್ ಮೇಲೆ ಹೇರಿ ಬಿಗಿದು ಹೊರಟ್ವಿ. ಎರಡೂ ಕಡೆ ಹೊರಗೆ ಚಾಚಿಕೊಂಡು ಗಾಡಿಗೆ ಟೋಪಿ ಹಾಕಿದ ಹಾಗಿತ್ತು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರಿನವರು ಹಾರ್ನ್ ಹೊಡೆದು ನಕ್ಕಿದ್ದೇ ನಕ್ಕಿದ್ದು.

ರಿಪೇರಿಗೆ ವಿಜಯಪುರದಲ್ಲಿ ರೆಸಿನ್, ಗಾಜಿನೆಳೆಯ ಮ್ಯಾಟು ತಂದ್ವಿ. ಅಂಗಡಿಯವರು ಎರಡು ಸಣ್ಣ ಬಾಟಲಿ ಬೇರೆ ಬೇರೆ ಚೀಲದಲ್ಲಿ ಕೊಟ್ಟು, ಒಂದನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿದ ಮೇಲೆಯೇ ಇನ್ನೊಂದನ್ನು ಹಾಕಬೇಕು, ಎರಡನ್ನೂ ನೇರವಾಗಿ ಸೇರಿಸಿದರೆ ಸಿಡಿಯುತ್ತೆ ಅಂತ ಮೂರು ಸಲ ಹೇಳಿದ್ರು. ಯಾರಾದ್ರೂ ಈ ಕೆಲಸಕ್ಕೆ ಕೈ ಹಾಕೋದಾದ್ರೆ ದಯವಿಟ್ಟು ಇದನ್ನು ನೆನಪಿಡಿ. ಹಳೇ ಮೈಯನ್ನು ಉಪ್ಪುಕಾಗದದಿಂದ ತಿಕ್ಕಿ ಒರಟು ಮಾಡಿ, ಪೂರ್ತಿ ಒಣಗಿಸಿ, ಮ್ಯಾಟು ಇಟ್ಟು ಬ್ರಷ್ಷಿನಲ್ಲಿ ರೆಸಿನ್ ಕುಡಿಸಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನ ಕಲಸಿದರೆ ಮಗ್ಗಿನಲ್ಲೇ ಗಟ್ಟಿಯಾಗಿ ಬಿಸಿಯಾಗಿಬಿಡುತ್ತೆ ಅಂತ ಬೆಳಿಗ್ಗೆ ಆರಕ್ಕೇ ಕೂತು ಮುಗಿಸಿದ್ವಿ.

ಇನ್ನೊಂದು ಮುಖ್ಯ ವಿಷಯ. ಬಿದಿರಿನ ಹರಿಗೋಲು ಮಗುಚಿದರೂ ತೇಲುತ್ತೆ. ಫೈಬರ್ ಹಾಗಲ್ಲ, ಅದು ನೀರಿಗಿಂತ ಭಾರ, ಒಳಗೆ ನೀರು ತುಂಬಿದರೆ ತಳಕ್ಕೆ ಹೋಗುತ್ತೆ. ಇದನ್ನು ಕೆರೆಯ ಮೇಲೆ ದಿನಾ ಹೋಗೋ ಹುಡುಗರಲ್ಲೂ ಬಹಳ ಜನ ಯೋಚನೆ ಮಾಡಿಲ್ಲ. ಅಮೆರಿಕದ ಸಣ್ಣ ದೋಣಿಗಳಲ್ಲಿ ಸೀಟಿನ ಕೆಳಗೆ ಥರ್ಮಾಕೋಲಿನಂಥದ್ದು ತುಂಬಿರ್ತಾರೆ, ಮುಳುಗಬಾರದು ಅಂತ. ನಾವು 20 ಲೀಟರಿನ ಎರಡು ಖಾಲಿ ಕ್ಯಾನು ತಂದು ಬಾಯಿ ಭದ್ರ ಮಾಡಿ ಅಂಚಿನ ಕೆಳಗೆ ಎದುರುಬದುರು ಬಿಗಿದ್ವಿ. ನೀರು ತುಂಬಿದರೂ ಹರಿಗೋಲು ಮೇಲೆ ಇರುತ್ತೆ, ಹಿಡ್ಕೊಂಡು ತೇಲಬಹುದು. ಕೆರೆಯ ಅಂಚಿನಲ್ಲೇ ನೀರು ತುಂಬಿಸಿ ನೋಡಿದ್ವಿ, ನಿಂತಿತು. ಲೈಫ್ ಜಾಕೆಟ್ ಎರಡು. ಅದನ್ನು ಹಾಕ್ಕೊಂಡ್ರೆ ಮಂದಿ ನಗ್ತಾರೆ ಅಂತ ಅಳಿಯ ಗೊಣಗಿದ. ಅಕ್ಕ, "ನಗಲಿ. ನನ್ನ ಬೋರಮಾಳದಾಗ ತಂದದ್ದು, ಹಾಕ್ಕೊಳ್ಳದಿದ್ರ ದೋಣಿ ಹತ್ತಬ್ಯಾಡ" ಅಂದಳು. ಆಷಾಢದ ಗಾಳಿಯಲ್ಲಿ ದುಂಡಗಿನ ದೋಣಿ ಎಲ್ಲಿಗೆ ಬೇಕಾದ್ರೂ ಹೋಗುತ್ತೆ, ಅವಳ ಮಾತಿನಲ್ಲಿ ತಪ್ಪೇನಿಲ್ಲ.

ಲೆಕ್ಕ: ಹರಿಗೋಲು 7,500, ಗಾಡಿ ಬಾಡಿಗೆ 1,500, ರಿಪೇರಿ ಸಾಮಾನು 1,900, ಜಾಕೆಟ್ 1,600, ಕ್ಯಾನು ಹಗ್ಗ 300, ಬಲೆ 8,000. ಒಟ್ಟು 20,800. ಹುಟ್ಟನ್ನು ಊರ ಬಡಿಗೇರರು ಮಾಡಿಕೊಟ್ರು, ರೊಕ್ಕ ಬೇಡ ಮೀನು ಕೊಡು ಅಂದ್ರು.

ಮೇ ತಿಂಗಳಿಂದ ಅಳಿಯ ತನ್ನದೇ ಹರಿಗೋಲಿನಲ್ಲಿ ಹೋಗ್ತಿದಾನೆ. ಹತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟ ಓಣಿಯ ಹುಡುಗನೊಬ್ಬ ಜೊತೆಗೆ ಬರ್ತಾನೆ. ಈಗ ಮನೆಯಲ್ಲಿ ನಡೆದಿರೋ ಜಗಳ ಆ ಹುಡುಗನದ್ದು. ಹಳೇ ಲೆಕ್ಕದ ಪ್ರಕಾರ ಹುಡುಗನಿಗೆ ಕಾಲು, ಅಳಿಯನಿಗೆ ಮುಕ್ಕಾಲು. ಅಳಿಯ ಅಂತಾನೆ, ಬಲೆಯ ಪಾಲು ತಗೋತೀನಿ, ಅದು ಹರಿಯೋ ವಸ್ತು. ದೋಣಿ ಪಾಲು ಬೇಡ, ಉಳಿದದ್ದರಲ್ಲಿ ಇಬ್ಬರೂ ಸಮ. ಅಕ್ಕ ಅಂತಾಳೆ, "ಮೊದಲ ನನ್ನ ಬೋರಮಾಳ ಮನಿಗಿ ಬರ್ಲಿ, ಆಮ್ಯಾಲ ಧರ್ಮ ಮಾಡು." ಇಬ್ಬರೂ ನನಗೆ ಫೋನ್ ಮಾಡಿ ನೀನೇ ಹೇಳು ಅಂತಾರೆ. ಬ್ಯಾಂಕಿನ ಕಂತು ಮುಗಿಯೋವರೆಗೆ ದೋಣಿ ಪಾಲು ಅಕ್ಕನಿಗೆ, ಆಮೇಲೆ ಅಳಿಯ ಹೇಳಿದ ಹಾಗೆ ಅಂತ ಹೇಳಿದ್ದೇನೆ. ಅಕ್ಕ ಒಪ್ಪಿದ ಹಾಗಿದೆ. ಹುಡುಗನ ತಾಯಿ ಮಾತ್ರ ಆ ಕಂತು ಯಾವಾಗ ಮುಗಿಯುತ್ತೆ ಅಂತ ತಾರೀಖು ಕೇಳಿದ್ದಾಳಂತೆ. ಮುಂದಿನ ಭಾನುವಾರ ಮಮದಾಪುರಕ್ಕೆ ಹೋಗಬೇಕು, ಪಾಸ್‌ಬುಕ್ಕು ನೋಡಿ ಹೇಳಬೇಕು.